ಬೆಳಕು ಹೊರಡಿಸಿದ ಕರೆಂಟು

ನಂಜನಗೂಡಿನ ಹದಿನಾರು ಕಾಲು ಮಂಟಪವನ್ನು ಸವರಿಕೊಂಡು ಹೊರಟ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಅಲ್ಲಿಂದ ಮುಂದೆ ಎರಡು ಹೊಳೆಗಳ ನೀರು ಒಂದಾಗಿ, ತಲಕಾಡಿನ ಮರಳನ್ನು ಬಳಸಿ, ಶಿವನಸಮುದ್ರದ ಬಂಡೆಗಳಿಂದ ಧುಮುಕುತ್ತದೆ. 1902ರ ಜೂನ್ ತಿಂಗಳಲ್ಲಿ ಆ ನೀರು ತಿರುಗಿಸಿದ ಯಂತ್ರಗಳ ವಿದ್ಯುತ್ತು ತಂತಿ ಹಿಡಿದು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗಳನ್ನು ತಲುಪಿತು. ಅಷ್ಟು ದೂರ ಕರೆಂಟು ಸಾಗಿಸುವುದು ಆ ಕಾಲಕ್ಕೆ ಜಗತ್ತಿನಲ್ಲೇ ಅಪರೂಪದ ಕೆಲಸ. ದಿವಾನ್ ಶೇಷಾದ್ರಿ ಅಯ್ಯರ್ ಬೆನ್ನಿಗೆ ನಿಂತ, ಲಾಟ್‌ಬಿನಿಯರ್ ಎಂಬ ಎಂಜಿನಿಯರ್ ನಕ್ಷೆ ಹಾಕಿದ ಯೋಜನೆ ಅದು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು ಅದಾಗಿ ಮೂರು ವರ್ಷಕ್ಕೆ, 1905ರಲ್ಲಿ. ರಾಜಧಾನಿ ಮೈಸೂರು ಇನ್ನೂ ಕಾಯಬೇಕಾಯಿತು. ಚಿನ್ನ ಇದ್ದ ಕಡೆಗೆ ಕರೆಂಟು ಮೊದಲು ಹೋಯಿತು.

ಶಿವನಸಮುದ್ರದ ಆ ಕರೆಂಟು ಸೆಕೆಂಡಿಗೆ 25 ಆವರ್ತದ್ದು. ಒಂದು ಸುತ್ತಿಗೆ 40 ಮಿಲಿಸೆಕೆಂಡು. ಗಿರಣಿ, ಪಂಪು, ಕಂಪ್ರೆಸರುಗಳಿಗೆ ಅಷ್ಟು ವೇಗ ಸಾಕಾಗಿತ್ತು. ಅರ್ಧ ಶತಮಾನ ಕಳೆದ ಮೇಲೆ ನಂಜನಗೂಡಿನಲ್ಲೇ ಹುಟ್ಟಿದ ಒಬ್ಬರು ಅದೇ ಗಣಿಗಳ ಆಳಕ್ಕಿಳಿದು ಬೇರೊಂದು ಬಗೆಯ ಕರೆಂಟನ್ನು ಹುಡುಕಿದರು. ಅದು ಹುಟ್ಟುವುದು ಬೆಳಕಿನ ಒಂದು ಮಿನುಗಿನಿಂದ. ಬಾಳುವುದು ಕೆಲವೇ ನ್ಯಾನೊಸೆಕೆಂಡು. ನ್ಯಾನೊಸೆಕೆಂಡು ಎಂದರೆ ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದಾಗ ಸಿಗುವ ಒಂದು ಪಾಲು. ಶಿವನಸಮುದ್ರದ ಕರೆಂಟು ಒಂದು ಸುತ್ತು ಮುಗಿಸುವಷ್ಟರಲ್ಲಿ ಅಂಥ ಒಂದು ಕೋಟಿ ಮಿಡಿತಗಳು ಸಾಲಾಗಿ ಹಾದುಹೋಗಬಹುದು.

ಅವರು ಬಿ.ವಿ. ಶ್ರೀಕಂಠನ್. ಬದನವಾಳು ವೆಂಕಟಸುಬ್ಬ ಶ್ರೀಕಂಠನ್. ಹೆಸರಿನ ಮೊದಲಿಗಿರುವ ಬದನವಾಳು ನಂಜನಗೂಡು ತಾಲ್ಲೂಕಿನದೇ ಊರು, ಖಾದಿ ಕೇಂದ್ರದಿಂದ ಹೆಸರಾದದ್ದು. 1925ರ ಜೂನ್ 30ರಂದು ಶ್ರೀಕಂಠೇಶ್ವರನ ಊರಿನಲ್ಲಿ ಹುಟ್ಟಿ, ಹೈಸ್ಕೂಲಿನವರೆಗೆ ಅಲ್ಲೇ ಓದಿ, ಇಂಟರ್‌ಮೀಡಿಯೆಟ್‌ಗೆ ಮೈಸೂರಿಗೆ, ಆನರ್ಸ್‌ಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋದರು. 1928ರ ಮಾರ್ಚ್ 16ರಂದು ಸಿ.ವಿ. ರಾಮನ್ ತಮ್ಮ ಹೊಸ ಬೆಳಕಿನ ಸಂಗತಿಯನ್ನು ವಿವರವಾಗಿ ಮಂಡಿಸಿದ್ದು ಬೆಂಗಳೂರಿನಲ್ಲೇ ಮಾಡಿದ ಉಪನ್ಯಾಸದಲ್ಲಿ. ಆದರೆ ಶ್ರೀಕಂಠನ್ ಎಂ.ಎಸ್ಸಿ.ಗೆ ಆರಿಸಿಕೊಂಡ ವಿಶೇಷ ವಿಷಯ ಬೆಳಕಲ್ಲ, ವೈರ್‌ಲೆಸ್. ಯುದ್ಧ ಮುಗಿದ ಹೊಸತು. ರೇಡಾರು, ರೇಡಿಯೊ, ವಾಲ್ವುಗಳ ಕಾಲ. 1947ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿ ಸೇರಿದರು, ಮರುವರ್ಷ ಬೊಂಬಾಯಿಗೆ ಹೋಗಿ ಹೋಮಿ ಭಾಭಾ ಕಟ್ಟಿದ್ದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ಅಂದರೆ ಟಿಐಎಫ್‌ಆರ್‌ನಲ್ಲಿ, ನಿಂತರು. ವೈರ್‌ಲೆಸ್ ಓದಿದ್ದು ವ್ಯರ್ಥವಾಗಲಿಲ್ಲ. ಅವರ ಮುಂದಿನ ಬದುಕಿನ ಹೆಚ್ಚಿನ ಪ್ರಯೋಗಗಳ ಜೀವಾಳ ಒಂದೇ ಪ್ರಶ್ನೆಯಾಗಿತ್ತು: ಎರಡು ವಿದ್ಯುತ್ ಮಿಡಿತಗಳು ನಿಜವಾಗಿಯೂ ಒಂದೇ ಗಳಿಗೆಯಲ್ಲಿ ಬಂದವೇ?

ನಂಜನಗೂಡು ಎಂದೊಡನೆ ನಂಜುಂಡೇಶ್ವರ, ರಸಬಾಳೆ, ಹಲ್ಲುಪುಡಿ ನೆನಪಾಗುತ್ತವೆ. ಈ ಹೆಸರೂ ಆ ಸಾಲಿನಲ್ಲಿ ಬರಬೇಕು ಎಂಬ ಹಂಬಲದಿಂದಲೇ ಈ ಲೇಖನ ಬರೆಯುತ್ತಿದ್ದೇನೆ. ಆದರೆ ಒಬ್ಬ ವ್ಯಕ್ತಿಯ ಗುಣಗಾನಕ್ಕಿಂತ ಅವರ ಕೈಯಲ್ಲಿದ್ದ ಉಪಕರಣದ ಒಳಗೆ ನಡೆಯುತ್ತಿದ್ದದ್ದೇನು ಎಂಬುದು ಹೆಚ್ಚು ರೋಚಕ. ಅದನ್ನು ಬಿಟ್ಟರೆ ಕಥೆಯ ಅರ್ಧ ಭಾಗ ಕತ್ತಲಲ್ಲೇ ಉಳಿಯುತ್ತದೆ.

ಬೆಳಕು ಬಿದ್ದರೆ ಕೆಲವು ಪದಾರ್ಥಗಳಲ್ಲಿ ಕರೆಂಟು ಹರಿಯುತ್ತದೆ ಎಂಬುದು 1873ರಲ್ಲಿ ಆಕಸ್ಮಿಕವಾಗಿ ತಿಳಿದ ಸಂಗತಿ. ವಿಲಬಿ ಸ್ಮಿತ್ ಎಂಬ ಇಂಗ್ಲಿಷ್ ಟೆಲಿಗ್ರಾಫ್ ಎಂಜಿನಿಯರ್ ಸಮುದ್ರದಡಿಯ ಕೇಬಲ್‌ಗಳನ್ನು ಪರೀಕ್ಷಿಸಲು ಸೆಲೆನಿಯಂ ಸರಳುಗಳನ್ನು ಬಳಸುತ್ತಿದ್ದ. ಅವುಗಳ ರೋಧ ಒಂದು ಹೊತ್ತಿದ್ದಂತೆ ಇನ್ನೊಂದು ಹೊತ್ತು ಇರುತ್ತಿರಲಿಲ್ಲ. ಕಾರಣ ಹುಡುಕಿದಾಗ ಸಿಕ್ಕಿದ್ದು ಬೆಳಕು. ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಗೆಲಿನಾ ಎಂಬ ಸೀಸದ ಅದಿರಿನ ಹರಳನ್ನು ವಿದ್ಯುತ್ಕಾಂತೀಯ ಅಲೆಗಳ ಪತ್ತೆಗೆ ಬಳಸಿ, 1901ರಲ್ಲಿ ಅರ್ಜಿ ಹಾಕಿ, 1904ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಅರೆವಾಹಕ ಸಾಧನವೊಂದಕ್ಕೆ ಸಿಕ್ಕ ಮೊದಲ ಪೇಟೆಂಟುಗಳಲ್ಲಿ ಅದೂ ಒಂದು. ಸೆಲೆನಿಯಂ, ಗೆಲಿನಾ ಎರಡೂ ಅರೆವಾಹಕಗಳೇ. ಆದರೆ ಸೆಲೆನಿಯಂ ಬಹಳ ನಿಧಾನಿ. ಬೆಳಕು ಆರಿದ ಮೇಲೂ ಅದರ ಕರೆಂಟು ತಕ್ಷಣ ನಿಲ್ಲುವುದಿಲ್ಲ. ಬೆಳಕು ಹೊರಡಿಸಿದ ಕರೆಂಟನ್ನು ವೇಗದ ಗಡಿಯಾರವಾಗಿ ಬಳಸಬೇಕಾದರೆ ಬೇರೆ ದಾರಿ ಬೇಕಿತ್ತು.

ಶ್ರೀಕಂಠನ್ ಮೊದಲ ಸಲ ಕೆಜಿಎಫ್‌ಗೆ, ಅಂದರೆ ಕೋಲಾರದ ಆ ಚಿನ್ನದ ಗಣಿಗಳಿಗೆ, ಬಂದದ್ದು 1950ರ ದಶಕದ ಆರಂಭದಲ್ಲಿ, ಭಾಭಾ ಕಳಿಸಿಕೊಟ್ಟಾಗ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗ ಮ್ಯೂಆನ್ ಎಂಬ ಕಣಗಳು ಹುಟ್ಟುತ್ತವೆ. ಅಂಗೈ ಚಾಚಿ ನಿಂತರೆ ನಿಮಿಷಕ್ಕೆ ನೂರರಷ್ಟು ಮ್ಯೂಆನ್‌ಗಳು ಅದನ್ನು ತೂರಿ ಹೋಗುತ್ತವೆ. ಅವು ನೆಲದೊಳಗೂ ಇಳಿಯುತ್ತವೆ. ಎಷ್ಟು ಆಳಕ್ಕೆ ಎಷ್ಟು ಉಳಿಯುತ್ತವೆ ಎಂದು ಅಳೆದರೆ ಅವುಗಳ ಶಕ್ತಿಯ ಲೆಕ್ಕ ಸಿಗುತ್ತದೆ. ಮೂರು ಕಿಲೋಮೀಟರಿಗೂ ಮೀರಿ ಆಳವಿದ್ದ ಚಾಂಪಿಯನ್ ರೀಫ್ ಗಣಿ ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದು. ಇಂಥ ಪ್ರಯೋಗಕ್ಕೆ ಅದಕ್ಕಿಂತ ಒಳ್ಳೆಯ ಜಾಗ ನಮ್ಮ ದೇಶದಲ್ಲಿರಲಿಲ್ಲ. ಹುಡುಗ ಓದಿ ಬೊಂಬಾಯಿಗೆ ಹೋಗಿದ್ದ. ಪ್ರಯೋಗಶಾಲೆ ಮಾತ್ರ ಹಳೇ ಮೈಸೂರು ಸೀಮೆಯಲ್ಲೇ ಕಾಯುತ್ತಿತ್ತು.

ಆಗಿನ ಉಪಕರಣ ಗೈಗರ್ ಕೌಂಟರ್. ಅನಿಲ ತುಂಬಿದ ಕೊಳವೆ. ಕಣ ಹಾಯ್ದರೆ ಒಳಗೆ ವಿದ್ಯುತ್ತಿನ ಒಂದು ಸಿಡಿತ. ಒಮ್ಮೆ ಸಿಡಿದರೆ ಮತ್ತೆ ಸಿದ್ಧವಾಗಲು ನೂರು ಮೈಕ್ರೊಸೆಕೆಂಡಿನಷ್ಟು ಹೊತ್ತು ಬೇಕು. ಒಂದರ ಕೆಳಗೊಂದು ಕೊಳವೆಗಳನ್ನಿಟ್ಟು, ಎಲ್ಲವೂ ಒಟ್ಟಿಗೆ ಸಿಡಿದರೆ ಮಾತ್ರ ಕಣ ಹಾದುಹೋಯಿತು ಎಂದು ಲೆಕ್ಕ. ಇಟಲಿಯ ಬ್ರೂನೊ ರೋಸಿ 1930ರಲ್ಲಿ ಇದಕ್ಕೆ ವಾಲ್ವುಗಳ ಸರ್ಕ್ಯೂಟ್ ಹೆಣೆದಿದ್ದ. ಆಳ ಹೆಚ್ಚಿದಂತೆ ಕಣಗಳು ವಿರಳವಾಗುತ್ತವೆ. ಬಂಡೆಯ ಸಹಜ ವಿಕಿರಣದಿಂದ ಬರುವ ಸುಳ್ಳು ಸಿಡಿತಗಳು ಮಾತ್ರ ಹಾಗೇ ಉಳಿಯುತ್ತವೆ. ಒಟ್ಟಿಗೆ ಎಂಬುದನ್ನು ಎಷ್ಟು ಬಿಗಿಯಾಗಿ ಹಿಡಿಯಬಲ್ಲಿರೋ ಅಷ್ಟು ಸುಳ್ಳು ಕಳೆಯುತ್ತದೆ. ಈ ಕೆಲಸದ ಮೇಲೆ ಶ್ರೀಕಂಠನ್ 1954ರಲ್ಲಿ ಬೊಂಬಾಯಿ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದರು.

ಮುಂದಿನ ಹತ್ತು ವರ್ಷಗಳಲ್ಲಿ ಕೊಳವೆಗಳ ಜಾಗಕ್ಕೆ ಬೆಳಕು ಬಂತು. ಸಿಂಟಿಲೇಟರ್ ಎಂಬ ಪ್ಲಾಸ್ಟಿಕ್ ಹಲಗೆಯೊಳಗೆ ಮ್ಯೂಆನ್ ಹಾಯ್ದರೆ ಅದು ನೀಲಿಯಾಗಿ ಮಿನುಗುತ್ತದೆ. ಆ ಮಿನುಗು ಕೆಲವೇ ನ್ಯಾನೊಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಕಣ್ಣಿಗೆ ಕಾಣುವ ಮಾತೇ ಇಲ್ಲ. ಅದನ್ನು ಹಿಡಿಯುವುದು ಫೋಟೊಮಲ್ಟಿಪ್ಲೈಯರ್ ಎಂಬ ಗಾಜಿನ ನಿರ್ವಾತ ನಳಿಕೆ. ನಳಿಕೆಯ ಮುಖದ ಒಳಮೈಗೆ ಆಂಟಿಮನಿ ಮತ್ತು ಸೀಸಿಯಂ ಸೇರಿದ ಒಂದು ತೆಳು ಲೇಪ ಇರುತ್ತದೆ. ಜರ್ಮನಿಯ ಗೋರ್ಲಿಷ್ 1936ರಲ್ಲಿ ಕಂಡುಕೊಂಡ ಲೇಪ ಅದು. ಬೆಳಕಿನ ಒಂದು ಫೋಟಾನ್ ಅದಕ್ಕೆ ಬಿದ್ದರೆ ಒಂದು ಎಲೆಕ್ಟ್ರಾನ್ ನಿರ್ವಾತಕ್ಕೆ ಹಾರಬಹುದು. ಅದನ್ನು ಮುಂದಿನ ಲೋಹದ ತಗಡಿಗೆ ಸೆಳೆದು ಬಡಿಸಿದರೆ ನಾಲ್ಕು ಎಲೆಕ್ಟ್ರಾನ್‌ಗಳು ಏಳುತ್ತವೆ. ಆ ನಾಲ್ಕನ್ನು ಇನ್ನೊಂದು ತಗಡಿಗೆ ಬಡಿಸಿದರೆ ಹದಿನಾರು. ಹತ್ತು ತಗಡು ದಾಟುವಷ್ಟರಲ್ಲಿ ಒಂದು ಎಲೆಕ್ಟ್ರಾನ್ ಹತ್ತು ಲಕ್ಷವಾಗಿ, ತಂತಿಯಲ್ಲಿ ಅಳೆಯಬಲ್ಲ ಒಂದು ಮಿಡಿತವಾಗಿ ಹೊರಬರುತ್ತದೆ.

ಇದರಲ್ಲಿ ಅತ್ಯಂತ ಸೂಕ್ಷ್ಮದ ಘಟನೆ ಮೊದಲನೆಯದು, ಆ ಲೇಪದೊಳಗೆ ನಡೆಯುವುದು. ಸಾದಾ ಲೋಹದ ಮೇಲೆ ಬೆಳಕು ಬಿದ್ದರೂ ಎಲೆಕ್ಟ್ರಾನ್ ಹೊರಬರುತ್ತದೆ. ಆದರೆ ಸಾವಿರ ಫೋಟಾನ್‌ಗೆ ಒಂದು ಸಿಕ್ಕರೆ ಹೆಚ್ಚು. ಆಂಟಿಮನಿ-ಸೀಸಿಯಂ ಲೇಪದಲ್ಲಿ ನೂರಕ್ಕೆ ಇಪ್ಪತ್ತರವರೆಗೂ ಸಿಗುತ್ತದೆ. ಏಕೆಂದರೆ ಆ ಲೇಪ ಅರೆವಾಹಕ. ಲೋಹದೊಳಗೆ ಬೆಳಕಿನಿಂದ ಶಕ್ತಿ ಪಡೆದು ಎದ್ದ ಎಲೆಕ್ಟ್ರಾನಿನ ಪಾಡು ದೊಡ್ಡಜಾತ್ರೆಯ ದಿನ ನಂಜನಗೂಡಿನ ರಥಬೀದಿಯಲ್ಲಿ ಓಡಲು ಹೊರಟವನ ಪಾಡು: ಸುತ್ತ ತನ್ನಂಥವೇ ಕಿಕ್ಕಿರಿದಿರುತ್ತವೆ, ಒಂದೆರಡು ಡಿಕ್ಕಿಯಲ್ಲೇ ಕಸುವೆಲ್ಲ ಹಂಚಿಹೋಗುತ್ತದೆ. ಅರೆವಾಹಕದಲ್ಲಿ ಅಂಥ ಬಿಡಿ ಎಲೆಕ್ಟ್ರಾನ್‌ಗಳ ದಟ್ಟಣೆ ಇಲ್ಲ. ಬಂಧನದಲ್ಲಿರುವ ಎಲೆಕ್ಟ್ರಾನ್‌ಗಳನ್ನು ಬಡಿದೆಬ್ಬಿಸಲು ಸುಮಾರು 1.6 ಎಲೆಕ್ಟ್ರಾನ್‌ವೋಲ್ಟ್ ಬೇಕು. ನೀಲಿ ಫೋಟಾನಿನ 3 ಎಲೆಕ್ಟ್ರಾನ್‌ವೋಲ್ಟ್‌ನಲ್ಲಿ ತಾನು ಏಳುವುದಕ್ಕೇ 1.6 ಖರ್ಚಾಗಿದೆ, ಉಳಿದದ್ದು ಇನ್ನೊಂದನ್ನು ಎಬ್ಬಿಸಲು ಸಾಲದು. ಹಾಗಾಗಿ ಅದು ಕಳೆದುಕೊಳ್ಳುವುದು ಹರಳಿನ ಜಾಲಕದ ಕಂಪನಗಳಿಗೆ ಮಾತ್ರ. ಪ್ರತಿ ಡಿಕ್ಕಿಗೂ ಎಲೆಕ್ಟ್ರಾನ್‌ವೋಲ್ಟಿನ ನೂರನೇ ಒಂದೆರಡು ಭಾಗ, ಅಷ್ಟೇ. ಲೇಪದ ದಪ್ಪ ಕೆಲವು ಹತ್ತು ನ್ಯಾನೊಮೀಟರ್. ಶಕ್ತಿ ಪೂರ್ತಿ ಇಂಗಿಹೋಗುವ ಮುನ್ನ ಎಲೆಕ್ಟ್ರಾನ್ ಮೇಲ್ಮೈ ಮುಟ್ಟಿದರೆ ಹಾರುತ್ತದೆ, ಮುಟ್ಟದಿದ್ದರೆ ಇಲ್ಲ. ಈ ಪೂರ್ತಿ ಓಟಕ್ಕೆ ಹಿಡಿಯುವ ಹೊತ್ತು ಒಂದು ಪಿಕೊಸೆಕೆಂಡಿನ, ಅಂದರೆ ನ್ಯಾನೊಸೆಕೆಂಡಿನ ಸಾವಿರದ ಒಂದು ಪಾಲಿನ, ಆಸುಪಾಸು.

ಬೆಳಕಿನಿಂದ ಎದ್ದ ಎಲೆಕ್ಟ್ರಾನ್ ತನ್ನ ಹೆಚ್ಚುವರಿ ಶಕ್ತಿಯನ್ನು ಜಾಲಕಕ್ಕೆ ಬಿಟ್ಟುಕೊಟ್ಟು ತಣಿಯುವ ಈ ಕ್ರಿಯೆಯನ್ನು ಇಂದಿನ ವಿಜ್ಞಾನಿಗಳು ಪಿಕೊಸೆಕೆಂಡಿಗೂ ಸಾವಿರ ಪಾಲು ಕಿರಿದಾದ ಫೆಮ್ಟೊಸೆಕೆಂಡಿನ ಲೇಸರ್ ಹಿಡಿದು ಹೆಜ್ಜೆಹೆಜ್ಜೆಯಾಗಿ ನೋಡುತ್ತಾರೆ. 1960ರ ದಶಕದಲ್ಲಿ ಅದನ್ನು ನೋಡುವ ದಾರಿ ಯಾರಿಗೂ ಇರಲಿಲ್ಲ. ಆದರೂ ಕೋಲಾರದ ಗಣಿಯಲ್ಲಿ ಕುಳಿತವರು ಆ ಓಟದ ಫಲವನ್ನು ನಂಬಿ ಒಂದು ಪ್ರಯೋಗ ಹೂಡಿದರು. ನಮ್ಮ ನಾಡಿನ ನೆಲದಲ್ಲಿ ನಡೆದ ವಿಜ್ಞಾನದ ಕೆಲಸಗಳಲ್ಲಿ ನಾನು ಇದನ್ನು ಮೊದಲ ಸಾಲಿನಲ್ಲಿಡುತ್ತೇನೆ.

1960ರ ಹೊತ್ತಿಗೆ ಅಮೆರಿಕದ ಗ್ರೈಸನ್, ರಷ್ಯದ ಮಾರ್ಕೋವ್ ಒಂದು ಯೋಚನೆ ಮುಂದಿಟ್ಟಿದ್ದರು. ವಿಶ್ವಕಿರಣಗಳು ವಾತಾವರಣದಲ್ಲಿ ಮ್ಯೂಆನ್ ಜೊತೆಗೆ ನ್ಯೂಟ್ರಿನೊಗಳನ್ನೂ ಹುಟ್ಟಿಸುತ್ತವೆ. ನ್ಯೂಟ್ರಿನೊ ಭೂಮಿಯನ್ನೇ ಆರಪಾರು ದಾಟಿಹೋಗುವ ಕಣ. ಅಪರೂಪಕ್ಕೊಮ್ಮೆ ಮಾತ್ರ ಬಂಡೆಯ ಪರಮಾಣುವಿಗೆ ತಾಗಿ ಒಂದು ಮ್ಯೂಆನನ್ನು ಹೊರಡಿಸುತ್ತದೆ. ಹಾಗೆ ಹುಟ್ಟಿದ ಮ್ಯೂಆನ್ ಅಡ್ಡಡ್ಡವಾಗಿಯೂ ಬರಬಹುದು, ಕೆಳಗಿನಿಂದಲೂ ಬರಬಹುದು. ಆಕಾಶದಿಂದ ಬಂದ ಸಾಮಾನ್ಯ ಮ್ಯೂಆನ್ ಆಳದ ಗಣಿಗೆ ನೆತ್ತಿಯ ಕಡೆಯಿಂದಷ್ಟೇ ಇಳಿಯಬಲ್ಲದು. ಓರೆಯಾಗಿ ಬಂದರೆ ದಾಟಬೇಕಾದ ಬಂಡೆ ಬಹಳ ಹೆಚ್ಚು. ಆದ್ದರಿಂದ ಸಾಕಷ್ಟು ಆಳದಲ್ಲಿ ಅಡ್ಡ ಬಂದ ಮ್ಯೂಆನ್ ಕಂಡರೆ ಅದರ ತಾಯಿ ನ್ಯೂಟ್ರಿನೊ ಎಂದೇ ತಿಳಿಯಬೇಕು. ಆ ಸಾಕಷ್ಟು ಆಳ ಎಷ್ಟು ಎಂದು ತೋರಿಸಿಕೊಟ್ಟದ್ದು ಕೆಜಿಎಫ್. ಜಪಾನಿನ ಮಿಯಾಕೆ, ಟಿಐಎಫ್‌ಆರ್‌ನ ನರಸಿಂಹಂ, ರಮಣಮೂರ್ತಿ ಸೇರಿ ಆಳ ಆಳಕ್ಕೆ ಇಳಿಯುತ್ತ ಮ್ಯೂಆನ್‌ಗಳನ್ನು ಎಣಿಸಿದರು. ಸುಮಾರು 2,700 ಮೀಟರ್ ಆಳದಲ್ಲಿ ವಾರಗಟ್ಟಲೆ ಕಾದರೂ ಉಪಕರಣ ಒಂದು ಮ್ಯೂಆನನ್ನೂ ಎಣಿಸಲಿಲ್ಲ. ಬೇರೆ ಪ್ರಯೋಗದಲ್ಲಾದರೆ ಸೊನ್ನೆ ಎಂದರೆ ನಿರಾಸೆ. ಇಲ್ಲಿ ಅದೇ ಆಹ್ವಾನವಾಯಿತು.

ಟಿಐಎಫ್‌ಆರ್, ಇಂಗ್ಲೆಂಡಿನ ಡರ್ಹಂ ವಿಶ್ವವಿದ್ಯಾನಿಲಯ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾನಿಲಯ ಮೂರೂ ಕೂಡಿಕೊಂಡವು. ಟಿಐಎಫ್‌ಆರ್ ಕಡೆಯಿಂದ ಮಂಗಳೂರಿನಲ್ಲಿ ಹುಟ್ಟಿದ ಎಂ.ಜಿ.ಕೆ. ಮೆನನ್, ಶ್ರೀಕಂಠನ್, ನರಸಿಂಹಂ, ರಮಣಮೂರ್ತಿ, ಆಚಾರ್. ಡರ್ಹಂ ತಂಡದ ಮುಂದಾಳು ಆರ್ನಲ್ಡ್ ವುಲ್ಫೆಂಡೇಲ್. ಚಾಂಪಿಯನ್ ರೀಫ್‌ನ ಹೀತ್‌ಕೋಟ್ ಶಾಫ್ಟ್‌ನಲ್ಲಿ ಸುಮಾರು 2,300 ಮೀಟರ್ ಆಳದಲ್ಲಿ ಉಪಕರಣ ಕಟ್ಟಿದರು. ಎದುರುಬದುರಾಗಿ ನಿಲ್ಲಿಸಿದ ಎರಡು ಸಿಂಟಿಲೇಟರ್ ಗೋಡೆಗಳು, ಅವುಗಳನ್ನು ದಿಟ್ಟಿಸುವ ಫೋಟೊಮಲ್ಟಿಪ್ಲೈಯರ್‌ಗಳು, ನಡುವೆ ಸೀಸದ ಹಾಳೆಗಳು ಮತ್ತು ಸಾಲು ಸಾಲು ನಿಯಾನ್ ನಳಿಕೆಗಳು. ಎರಡೂ ಗೋಡೆಗಳಿಂದ ಒಂದೇ ಗಳಿಗೆಯಲ್ಲಿ ಮಿಡಿತ ಬಂದರೆ ನಿಯಾನ್ ನಳಿಕೆಗಳಿಗೆ ಹೆಚ್ಚಿನ ವೋಲ್ಟೇಜ್ ಹೊಡೆಯುತ್ತದೆ, ಕಣ ಹಾಯ್ದ ನಳಿಕೆಗಳಷ್ಟೇ ಹೊತ್ತಿಕೊಳ್ಳುತ್ತವೆ, ಕ್ಯಾಮೆರಾ ಚಿತ್ರ ತೆಗೆಯುತ್ತದೆ. ಬೆಳಕು ಕರೆಂಟಾಗಿ, ಕರೆಂಟು ಮತ್ತೆ ಬೆಳಕಾಗಿ, ಕಡೆಗೆ ಫಿಲ್ಮಿನ ಮೇಲೆ ಒಂದು ಗೆರೆ.

ಇದೆಲ್ಲ ನಡೆದದ್ದು ಚಿನ್ನ ತೆಗೆಯುವ ಕೆಲಸ ನಿಲ್ಲದೇ ಸಾಗಿದ್ದ ಗಣಿಯೊಳಗೆ. ಕೇಜ್‌ನಲ್ಲಿ ಇಳಿಯಬೇಕು, ಬಂಡೆಯ ಬಿಸಿಯಲ್ಲಿ ನಿಲ್ಲಬೇಕು, ಮೇಲಿನ ಭಾರಕ್ಕೆ ಬಂಡೆ ತಾನಾಗಿ ಸಿಡಿಯುವ ರಾಕ್‌ಬರ್ಸ್ಟ್‌ನ ಭಯದಲ್ಲೇ ಕೆಲಸ ಮಾಡಬೇಕು. ಆ ಸಿಡಿತಗಳಿಗೆ ಸಿಕ್ಕಿ ಜೀವ ತೆತ್ತವರು ಕೆಜಿಎಫ್‌ನ ಕಾರ್ಮಿಕರು. ತಮಿಳು, ತೆಲುಗು, ಕನ್ನಡ ಮಾತಾಡುವ ಆ ಜನ ಕೊರೆದ ಸುರಂಗ ಇಲ್ಲದಿದ್ದರೆ ಸಿಂಟಿಲೇಟರ್ ಇಡಲು ಜಾಗವೇ ಇರುತ್ತಿರಲಿಲ್ಲ. ನ್ಯೂಟ್ರಿನೊ ಪ್ರಬಂಧದಲ್ಲಿ ಹನ್ನೊಂದು ಹೆಸರುಗಳಿವೆ. ಸುರಂಗ ಕೊರೆದ ಒಬ್ಬರ ಹೆಸರೂ ಅದರಲ್ಲಿಲ್ಲ. ವಿಜ್ಞಾನದ ಪ್ರಬಂಧಗಳ ರೂಢಿಯೇ ಹಾಗೆ ಎಂದು ಗೊತ್ತು. ಆದರೂ ಈ ಕಥೆ ಹೇಳುವಾಗಲೆಲ್ಲ ಅವರನ್ನು ನೆನೆಯುವುದು ನಮ್ಮ ಹೊಣೆ.

1965ರಲ್ಲಿ ಆ ಗೆರೆ ಸಿಕ್ಕಿತು. ನೆತ್ತಿಯಿಂದ ಬಂದದ್ದಲ್ಲ, ಅಡ್ಡ ಬಂದ ಗೆರೆ. ಅದೇ ವರ್ಷ ದಕ್ಷಿಣ ಆಫ್ರಿಕದ ಈಸ್ಟ್ ರ‍್ಯಾಂಡ್ ಚಿನ್ನದ ಗಣಿಯಲ್ಲಿ ಫ್ರೆಡರಿಕ್ ರೈನ್ಸ್ ತಂಡವೂ ಇದೇ ಹುಡುಕಾಟದಲ್ಲಿತ್ತು. ಅವರ ಉಪಕರಣದಲ್ಲಿ ಮೊದಲ ಘಟನೆ ದಾಖಲಾದದ್ದು ಫೆಬ್ರವರಿ 23ರಂದು, ಕೆಜಿಎಫ್‌ಗಿಂತ ಮೊದಲು. ಕೆಜಿಎಫ್ ತಂಡದ ಪ್ರಬಂಧ ಅಚ್ಚಾದದ್ದು ಆಗಸ್ಟ್ 15ರಂದು, ರೈನ್ಸ್ ತಂಡದ್ದು ಆಗಸ್ಟ್ 30ರಂದು. ಕಂಡದ್ದರಲ್ಲಿ ಅವರು ಮೊದಲು, ಹೇಳಿದ್ದರಲ್ಲಿ ನಾವು ಮೊದಲು. ಎರಡನ್ನೂ ಇದ್ದಂತೆ ಹೇಳಿದರೆ ಕೆಜಿಎಫ್‌ನ ಗೌರವಕ್ಕೆ ಏನೂ ಕಡಿಮೆಯಾಗುವುದಿಲ್ಲ. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳನ್ನು ಮನುಷ್ಯ ಮೊದಲು ಗುರುತಿಸಿದ್ದು ಎರಡು ಚಿನ್ನದ ಗಣಿಗಳಲ್ಲಿ, ಅವುಗಳಲ್ಲಿ ಒಂದು ನಮ್ಮದು. ಮುಂದೆ ಜಪಾನಿನ ಕಾಮಿಯೋಕಾ ಗಣಿಯಲ್ಲಿ ಸುಮಾರು 11,000 ದೈತ್ಯ ಫೋಟೊಮಲ್ಟಿಪ್ಲೈಯರ್‌ಗಳನ್ನು ಜೋಡಿಸಿ ಇದೇ ವಾತಾವರಣದ ನ್ಯೂಟ್ರಿನೊಗಳನ್ನು ಅಳೆದಾಗ, ಅವು ದಾರಿಯಲ್ಲಿ ತಮ್ಮ ಬಗೆ ಬದಲಿಸುತ್ತವೆ ಎಂಬುದು 1998ರಲ್ಲಿ ತಿಳಿಯಿತು. ಆ ಕೆಲಸಕ್ಕೆ ತಕಾಕಿ ಕಜಿತಾ 2015ರ ನೊಬೆಲ್ ಹಂಚಿಕೊಂಡರು.

1966ರ ಜನವರಿ 24ರಂದು ವಿಮಾನಾಪಘಾತದಲ್ಲಿ ಭಾಭಾ ತೀರಿಕೊಂಡರು. ಮೆನನ್ ಟಿಐಎಫ್‌ಆರ್‌ನ ನಿರ್ದೇಶಕರಾದರು, ಅವರ ನಂತರ 1975ರಿಂದ 1987ರವರೆಗೆ ಶ್ರೀಕಂಠನ್. ಆಡಳಿತದ ಆ ವರ್ಷಗಳ ಬಗ್ಗೆ ಬೇರೆಯವರು ಬರೆದಾರು. ನನಗೆ ಮುಖ್ಯವೆನಿಸುವುದು ಅವರು ಬೆಳಕಿನ ಮಿಡಿತವನ್ನು ಬಿಡದೆ ಹಿಂಬಾಲಿಸಿದ್ದು. ಅಮೆರಿಕದ ಎಂಐಟಿಯಲ್ಲಿ ರೋಸಿಯ ಬಳಗದೊಂದಿಗೆ ಎಕ್ಸ್‌ರೇ ಖಗೋಳವಿಜ್ಞಾನದಲ್ಲಿ ತೊಡಗಿದ್ದಾಗ, ವೃಶ್ಚಿಕ ರಾಶಿಯ ಎಕ್ಸ್‌ರೇ ಆಕರಕ್ಕೆ ಸರಿಹೊಂದುವ ಕಣ್ಣಿಗೆ ಕಾಣುವ ತಾರೆಯನ್ನು 1966ರಲ್ಲಿ ಗುರುತಿಸಿದ ತಂಡದಲ್ಲಿ ಅವರಿದ್ದರು. ಹೈದರಾಬಾದಿನಿಂದ ಹಾರಿಸುತ್ತಿದ್ದ ಬಲೂನುಗಳಲ್ಲೂ ಮಿನುಗುವ ಹರಳು ಮತ್ತು ಫೋಟೊಮಲ್ಟಿಪ್ಲೈಯರ್‌ಗಳೇ ಕಣ್ಣಾಗಿದ್ದವು.

ಉದಕಮಂಡಲದ ಕೆಲಸಗಳು ಇನ್ನೂ ಸೊಗಸು. ವಿಶ್ವಕಿರಣವೊಂದು ವಾತಾವರಣಕ್ಕೆ ಬಡಿದು ಎಬ್ಬಿಸುವ ಕಣಗಳ ಸುರಿಮಳೆ ಒಂದು ತೆಳು ಪದರದಂತೆ ಬೆಳಕಿನ ವೇಗದಲ್ಲೇ ಇಳಿಯುತ್ತದೆ. ಅದರಲ್ಲಿ ಭಾರವಾದ ಕಣ ಇದ್ದರೆ ಅದು ಕೆಲವು ಹತ್ತು ನ್ಯಾನೊಸೆಕೆಂಡು ಹಿಂದೆ ಬೀಳುತ್ತದೆ. ಒಂದು ನ್ಯಾನೊಸೆಕೆಂಡಿಗೆ ಬೆಳಕು ಹೋಗುವುದು 30 ಸೆಂಟಿಮೀಟರ್, ಒಂದಡಿಯಷ್ಟು. ಅಂದರೆ ಕೆಲವು ಮೀಟರ್ ಹಿಂದುಳಿದ ಕಣವನ್ನು ಮಿಡಿತದ ಹೊತ್ತು ನೋಡಿ ಪತ್ತೆ ಹಚ್ಚಬೇಕು. ಶ್ರೀಕಂಠನ್ ಮತ್ತು ಸಂಗಡಿಗರು ಹೀಗೆ ತಡವಾಗಿ ಬರುವ ಕಣಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. 1967ರಲ್ಲಿ ಪಲ್ಸಾರ್‌ಗಳು ಪತ್ತೆಯಾದ ಬಳಿಕ, ಅವುಗಳಿಂದ ಗಾಮಾ ಕಿರಣ ಬರುತ್ತದೆಯೇ ಎಂದು ಹುಡುಕಲು, 1969ರಲ್ಲಿ ಟಿಐಎಫ್‌ಆರ್ ತಂಡ ಉದಕಮಂಡಲದಲ್ಲಿ ಸರ್ಚ್‌ಲೈಟ್ ಕನ್ನಡಿಗಳನ್ನು ಆಕಾಶಕ್ಕೆ ತಿರುಗಿಸಿ ಚೆರೆಂಕೋವ್ ಬೆಳಕನ್ನು ಹಿಡಿಯತೊಡಗಿತು. ಗಾಳಿಯಲ್ಲಿ ಬೆಳಕಿಗಿಂತ ವೇಗವಾಗಿ ಧಾವಿಸುವ ಕಣ ಹೊರಡಿಸುವ ನೀಲಿ ಮಿಂಚು ಅದು; ಇಡೀ ಘಟನೆ ಐದಾರು ನ್ಯಾನೊಸೆಕೆಂಡಿನಲ್ಲಿ ಮುಗಿಯುತ್ತದೆ. ನಕ್ಷತ್ರಗಳ ಹಿನ್ನೆಲೆ ಬೆಳಕಿನ ನಡುವೆ ಅದನ್ನು ಬೇರ್ಪಡಿಸುವ ಉಪಾಯ ವೇಗವೊಂದೇ. ನಿಧಾನದ ಉಪಕರಣಕ್ಕೆ ಅದು ಇಲ್ಲವೇ ಇಲ್ಲ.

ಇಷ್ಟರಲ್ಲಿ ವಾಲ್ವುಗಳ ಕಾಲ ಮುಗಿಯುತ್ತ ಬಂದಿತ್ತು. ಬೆಂಗಳೂರಿನ ಜಾಲಹಳ್ಳಿಯಲ್ಲಿ ಬಿಇಎಲ್ 1962ರಲ್ಲಿ ಜರ್ಮೇನಿಯಂ ಅರೆವಾಹಕ ಬಿಡಿಭಾಗಗಳ ತಯಾರಿಕೆ ಆರಂಭಿಸಿತು. ಟ್ರಾನ್ಸಿಸ್ಟರ್ ಬಂದಂತೆ ಮಿಡಿತಗಳನ್ನು ಎಣಿಸುವ ಸರ್ಕ್ಯೂಟುಗಳು ಚಿಕ್ಕವಾದವು, ಚುರುಕಾದವು. ಆದರೂ ಎಲೆಕ್ಟ್ರಾನಿಕ್ಸ್‌ಗೆ ಒಂದು ಮಿತಿ ಇತ್ತು: ತಂತಿಯಲ್ಲಿ ಹರಿಯುವ ಕರೆಂಟನ್ನು ಇನ್ನೊಂದು ತಂತಿಯ ಕರೆಂಟಿನಿಂದ ಅಳೆಯುವಾಗ ನ್ಯಾನೊಸೆಕೆಂಡಿನಿಂದ ಬಹಳ ಕೆಳಗೆ ಇಳಿಯುವುದು ಕಷ್ಟ. ಆ ಗಡಿಯನ್ನು ಒಡೆದದ್ದು ಲೇಸರ್. 1975ರಲ್ಲಿ ಬೆಲ್ ಪ್ರಯೋಗಶಾಲೆಯ ಡೇವಿಡ್ ಆಸ್ಟನ್ ಸಿಲಿಕಾನ್ ಚೂರಿನ ಮೇಲೆ ಲೇಸರ್ ಮಿಡಿತ ಹಾಯಿಸಿ ಕರೆಂಟನ್ನು ಹೊರಡಿಸಿ, ಇನ್ನೊಂದು ಮಿಡಿತದಿಂದ ಅದನ್ನು ನಿಲ್ಲಿಸಿ ತೋರಿಸಿದರು. ನಡುವಣ ಹೊತ್ತು ಪಿಕೊಸೆಕೆಂಡುಗಳಲ್ಲಿ. ಆಮೇಲೆ ಬಂದ ಫೆಮ್ಟೊಸೆಕೆಂಡ್ ಲೇಸರ್‌ಗಳು ಅದಕ್ಕೂ ಸಾವಿರ ಪಾಲು ಕಿರಿದಾದ ಹೊತ್ತಿಗೆ ಇಳಿದವು. ಒಂದು ಮಿಡಿತ ಎಲೆಕ್ಟ್ರಾನ್‌ಗಳನ್ನು ಎಬ್ಬಿಸುತ್ತದೆ, ತುಸು ತಡವಾಗಿ ಬರುವ ಎರಡನೆಯದು ಅವು ಯಾವ ಸ್ಥಿತಿಯಲ್ಲಿವೆ ಎಂದು ಇಣುಕುತ್ತದೆ. ಗ್ಯಾಲಿಯಂ ಆರ್ಸೆನೈಡ್‌ನಂಥ ಅರೆವಾಹಕದಲ್ಲಿ ಎದ್ದ ಎಲೆಕ್ಟ್ರಾನ್‌ಗಳು ಕೆಲವು ಹತ್ತರಿಂದ ನೂರಾರು ಫೆಮ್ಟೊಸೆಕೆಂಡಿನೊಳಗೆ ತಮ್ಮತಮ್ಮಲ್ಲೇ ಡಿಕ್ಕಿಯಾಡಿ ಶಕ್ತಿ ಹಂಚಿಕೊಳ್ಳುತ್ತವೆ. ಮುಂದಿನ ಕೆಲವು ಪಿಕೊಸೆಕೆಂಡುಗಳಲ್ಲಿ ಜಾಲಕಕ್ಕೆ ಶಾಖ ಕೊಟ್ಟು ತಣಿಯುತ್ತವೆ. ನ್ಯಾನೊಸೆಕೆಂಡುಗಳ ಹೊತ್ತಿಗೆ ತಾವು ಬಿಟ್ಟುಬಂದ ಖಾಲಿ ಜಾಗಗಳಿಗೆ ಮರಳುತ್ತವೆ. ಆಂಟಿಮನಿ-ಸೀಸಿಯಂ ಲೇಪದೊಳಗಿನ ಓಟವೂ ಇದೇ ಜಾತಿಯದು. ಗಣಿಯಲ್ಲಿ ಅದರ ಕೊನೆಯ ಫಲ ಮಾತ್ರ ಕಾಣುತ್ತಿತ್ತು, ಈಗ ನಡುವಣ ಹೆಜ್ಜೆಗಳೂ ಕಾಣುತ್ತವೆ.

ಶ್ರೀಕಂಠನ್ ಸಂಶೋಧನೆಗೆ ಮೊದಲ ಹೆಜ್ಜೆಯಿಟ್ಟ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಎ.ಕೆ. ಸೂದ್ ಅವರ ಪ್ರಯೋಗಶಾಲೆ ಗ್ರಾಫೀನ್ ಮತ್ತಿತರ ಪದಾರ್ಥಗಳಲ್ಲಿ ಬೆಳಕಿನಿಂದ ಎದ್ದ ಎಲೆಕ್ಟ್ರಾನ್‌ಗಳು ಹೇಗೆ ತಣಿಯುತ್ತವೆ ಎಂಬುದನ್ನು ಫೆಮ್ಟೊಸೆಕೆಂಡ್ ಮತ್ತು ಟೆರಾಹರ್ಟ್ಸ್ ಮಿಡಿತಗಳಿಂದ ಅಳೆಯುತ್ತ ಬಂದಿದೆ. 2013ರಲ್ಲಿ ಜರ್ಮನಿಯ ಗಾರ್ಶಿಂಗ್‌ನಲ್ಲಿ ಫೆರೆಂಕ್ ಕ್ರೌಸ್ ಬಳಗ ಗಾಜಿನಂಥ ಸಿಲಿಕಾದಲ್ಲಿ, ಅಂದರೆ ಸಾಮಾನ್ಯವಾಗಿ ಕರೆಂಟೇ ಹರಿಯದ ಪದಾರ್ಥದಲ್ಲಿ, ಬೆಳಕಿನ ಅಲೆಯ ಸೆಳೆತಕ್ಕೇ ಫೆಮ್ಟೊಸೆಕೆಂಡಿನ ಆಸುಪಾಸಿನಲ್ಲಿ ಕರೆಂಟು ಹೊರಡುವುದನ್ನು ತೋರಿಸಿತು. 2023ರ ಭೌತವಿಜ್ಞಾನ ನೊಬೆಲ್ ಕ್ರೌಸ್, ಆನ್ ಲುಲಿಯೆ, ಪಿಯೆರ್ ಅಗೊಸ್ತಿನಿ ಮೂವರಿಗೆ ಸಂದದ್ದು ಇನ್ನೂ ಕಿರಿದಾದ ಆಟೊಸೆಕೆಂಡ್ ಬೆಳಕಿಗಾಗಿ.

ಶ್ರೀಕಂಠನ್‌ಗೆ 1988ರಲ್ಲಿ ಪದ್ಮಭೂಷಣ ಬಂತು. 1992ರ ನಂತರ ಬೆಂಗಳೂರಿಗೆ ಮರಳಿ, ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ವಿಜ್ಞಾನದ ತತ್ತ್ವ ಮತ್ತು ಪ್ರಜ್ಞೆಯ ಕುರಿತ ಚಿಂತನೆಯಲ್ಲಿ ತೊಡಗಿದರು. 2019ರ ಅಕ್ಟೋಬರ್ 27ರಂದು ತೀರಿಕೊಂಡಾಗ ಅವರಿಗೆ 94 ವರ್ಷ. ಕೆಜಿಎಫ್ ಗಣಿ 2001ರ ಫೆಬ್ರವರಿ 28ರಂದೇ ಮುಚ್ಚಿತ್ತು. ಪ್ರಯೋಗಶಾಲೆಗಳು ಅದಕ್ಕೂ ಮೊದಲೇ ನಿಂತಿದ್ದವು. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಈಗ ಆಸ್ಟ್ರಿಯಾ ಮೂಲದ ಎಟಿ ಅಂಡ್ ಎಸ್ ಕಾರ್ಖಾನೆ ಸರ್ಕ್ಯೂಟ್ ಬೋರ್ಡುಗಳನ್ನು ತಯಾರಿಸುತ್ತದೆ. ಇಂದಿನ ಬೋರ್ಡುಗಳ ತಾಮ್ರದ ಗೆರೆಗಳಲ್ಲಿ ನ್ಯಾನೊಸೆಕೆಂಡಿಗಿಂತ ಚುರುಕಾದ ಮಿಡಿತಗಳು ಓಡಾಡುವುದು ದಿನದ ಮಾತು. ಅಲ್ಲಿ ಕೆಲಸಕ್ಕೆ ಹೋಗುವ ಹುಡುಗ ಹುಡುಗಿಯರಿಗೆ ಶ್ರೀಕಂಠನ್ ಯಾರೆಂದು ಹೇಳುವವರು ಬೇಕು.

ಉದಕಮಂಡಲದ ಚೆರೆಂಕೋವ್ ಕನ್ನಡಿಗಳು 1986ರಲ್ಲಿ ಪಚಮಢಿಗೆ ಹೋದವು. 2008ರಲ್ಲಿ ಟಿಐಎಫ್‌ಆರ್ ಮತ್ತು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಸೇರಿ ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ 4,200 ಮೀಟರಿಗೂ ಎತ್ತರದಲ್ಲಿ, ಏಳು ದೂರದರ್ಶಕಗಳ ಹಗಾರ್ ಕಟ್ಟಿದವು. ಅದರ ಬಳಿಯಲ್ಲೇ 2024ರ ಅಕ್ಟೋಬರ್ 4ರಂದು ಉದ್ಘಾಟನೆಯಾದ ಮೇಸ್ ದೂರದರ್ಶಕದ ತಟ್ಟೆಯ ಅಗಲ 21 ಮೀಟರ್, ಅದರ ಕ್ಯಾಮೆರಾದಲ್ಲಿ 1,088 ಫೋಟೊಮಲ್ಟಿಪ್ಲೈಯರ್‌ಗಳು. ಕ್ಯಾನರಿ ದ್ವೀಪಗಳ ಲಾ ಪಾಲ್ಮಾದಲ್ಲಿ ಮಾತ್ರ 2011ರಲ್ಲಿ ಒಂದು ಪುಟ್ಟ ಚೆರೆಂಕೋವ್ ದೂರದರ್ಶಕ ಗಾಜಿನ ನಳಿಕೆಗಳನ್ನು ಪೂರ್ತಿ ಬಿಟ್ಟು ಸಿಲಿಕಾನ್ ಚಿಪ್ಪುಗಳನ್ನೇ ಕಣ್ಣಾಗಿಸಿಕೊಂಡಿತು. ಅಲ್ಲಿ ಎಲೆಕ್ಟ್ರಾನ್ ನಿರ್ವಾತಕ್ಕೆ ಹಾರುವುದೇ ಇಲ್ಲ. ಅರೆವಾಹಕದೊಳಗೇ ಒಂದು ನೂರಾಗಿ, ನೂರು ಲಕ್ಷವಾಗಿ ಹೆಚ್ಚುತ್ತದೆ. ಹೆಚ್ಚು ಬೆಳಕು ಬಿದ್ದರೆ ಕೆಡುವ ಭಯ ನಳಿಕೆಗಳಿಗಿದೆ, ಹಾಗಾಗಿ ಉದಕಮಂಡಲದವರು ಚಂದ್ರನಿಲ್ಲದ ರಾತ್ರಿಗಳಿಗೆ ಕಾಯಬೇಕಿತ್ತು. ಸಿಲಿಕಾನ್ ಕಣ್ಣು ಹುಣ್ಣಿಮೆಯ ಆಸುಪಾಸಿನಲ್ಲೂ ಕೆಲಸ ಮಾಡುತ್ತದೆ.